ಬೋಂಡನಿಗೆ ಹೋಯ್ತಾ?

ನಮ್ಮ ಓರಗಿತ್ತಿಗೆ ಮನುಷ್ಯರ ಮುಖ ನೆನಪಿರುವುದಿಲ್ಲ. ಹೊಟ್ಟೆ ನೆನಪಿರುತ್ತದೆ. ಸುಳ್ಳು ಅನ್ನುವವರು ಒಂದು ದಿನ ಅವಳ ಜೊತೆ ತರಕಾರಿ ತರಲು ಹೋಗಿ ಬರಲಿ. ಎದುರಿಗೆ ಬಂದ ಹೆಂಗಸು ನಕ್ಕು ಮಾತಾಡಿಸಿದರೆ ಇವಳು ಕಣ್ಣು ಕಿರಿದು ಮಾಡಿ ನೋಡುತ್ತಾಳೆ, ಗುರುತು ಹತ್ತುವುದಿಲ್ಲ. ಆಮೇಲೆ ತಟ್ಟನೆ ಹೊಳೆಯುತ್ತದೆ. "ಓ, ನೀವಾ. ಪರಂಗಿಹಣ್ಣು ತಿನ್ನಿ ಅಂದಿದ್ನಲ್ಲ, ಈಗ ಸಲೀಸಾಗಿ ಹೋಗುತ್ತಾ?" ಸೊಪ್ಪಿನವಳು, ತಕ್ಕಡಿ ಹಿಡಿದವನು, ಹಿಂದೆ ನಿಂತ ಗಂಡಸರು, ಎಲ್ಲರೂ ಆ ಹೆಂಗಸಿನ ಉತ್ತರಕ್ಕೆ ಕಾಯುತ್ತಾರೆ. ನಾನು ಬದನೆಕಾಯಿ ಆರಿಸುವ ನೆಪದಲ್ಲಿ ಬುಟ್ಟಿಯೊಳಗೆ ತಲೆ ಹಾಕಿಬಿಡುತ್ತೇನೆ.

ಓರಗಿತ್ತಿ ಎಂದರೆ ನನ್ನ ಮೈದುನನ ಹೆಂಡತಿ. ಹೆಸರು ಬರೆಯುವುದಿಲ್ಲ. ಹೆಸರು ಹಾಕಿದರೆ ಅವಳನ್ನು ಹುಡುಕಿಕೊಂಡು ಹೊಟ್ಟೆ ಹಿಡಿದುಕೊಂಡವರೆಲ್ಲ ನಮ್ಮ ಗೇಟಿಗೆ ಬರುತ್ತಾರೆ, ಈಗ ಬರುವವರೇ ಸಾಕಾಗಿದೆ. ಬನಶಂಕರಿಯ ಈ ಮನೆಯನ್ನು ಅಣ್ಣ ತಮ್ಮ ಸೇರಿ ಕಟ್ಟಿಸಿದರು. ಇಬ್ಬರೂ ಈಗ ಇಲ್ಲ. ಕೆಳಗೆ ನಾನು, ಮಗ, ಸೊಸೆ. ಮೇಲೆ ಅವಳು ಮತ್ತು ಅವಳ ನಾಯಿ.

ನಮ್ಮ ಕಡೆ ಬೆಳಿಗ್ಗೆ ಯಾರು ಸಿಕ್ಕಿದರೂ "ತಿಂಡಿ ಆಯ್ತಾ" ಎಂದು ಕೇಳುತ್ತಾರೆ. ಇವಳು ಕೇಳುವುದು "ಬೆಳಿಗ್ಗೆ ಸರಿಯಾಗಿ ಹೋಯ್ತಾ" ಎಂದು. ನಾನು ಬೈದರೆ, "ಅಕ್ಕ, ಹೊಟ್ಟೆಗೆ ಏನು ಹೋಯ್ತು ಅಂತ ಊರೆಲ್ಲ ಕೇಳುತ್ತೆ. ಹೊಟ್ಟೆಯಿಂದ ಹೋಯ್ತಾ ಇಲ್ವಾ ಅಂತ ಕೇಳೋಕೆ ಒಬ್ಬರಾದ್ರೂ ಬೇಡ್ವಾ?" ಎನ್ನುತ್ತಾಳೆ. ಇದಕ್ಕೆ ಏನು ಉತ್ತರ ಕೊಡುತ್ತೀರಿ ನೀವು?

ನನ್ನ ಮಗಳನ್ನು ನೋಡಲು ಇಲ್ಲೇ ಪಕ್ಕದ ಶ್ರೀನಗರದಿಂದ ಗಂಡಿನವರು ಬಂದ ದಿನ ನನ್ನ ಜೀವ ಬಾಯಿಗೆ ಬಂದಿತ್ತು. ಹುಡುಗ ಉಪ್ಪಿಟ್ಟಿನ ಚಮಚ ಬಾಯಿಗೆ ಇಟ್ಟಿದ್ದಾನೆ. ನಮ್ಮವರು ಕೆಲಸ ಕೇಳಿದರು, ಸ್ವಂತ ಮನೆಯೇ ಎಂದು ಕೇಳಿದರು. ಇವಳು ಸೆರಗು ಸರಿಮಾಡಿಕೊಂಡು ಮುಂದೆ ಬಾಗಿದಳು. "ಅದೆಲ್ಲ ಇರಲಿ, ಬೆಳಿಗ್ಗೆ ಸರಿಯಾಗಿ ಹೋಗುತ್ತಾ ನಿಮಗೆ?"

ಹುಡುಗನ ತಾಯಿ ಕಾಫಿ ಲೋಟ ಕೆಳಗಿಟ್ಟರು. ನನ್ನ ಗಂಡ ಫ್ಯಾನಿನ ಕಡೆ ನೋಡಿದರು. ಮುಗಿಯಿತು, ಈ ಸಂಬಂಧ ಮೆಟ್ಟಿಲಿಳಿಯಿತು ಎಂದುಕೊಂಡೆ. ಹುಡುಗ ಉಪ್ಪಿಟ್ಟು ನುಂಗಿ, ತಲೆ ತಗ್ಗಿಸಿ, "ಇಲ್ಲ ಆಂಟಿ, ಚಿಕ್ಕವನಿದ್ದಾಗಿಂದ ತೊಂದರೆ" ಎಂದುಬಿಟ್ಟ. ತಾಯಿಗೇ ಗೊತ್ತಿರಲಿಲ್ಲವಂತೆ. ಮದುವೆ ಆಯಿತು. ಈಗಲೂ ಅಳಿಯ ಫೋನು ಮಾಡುವುದು ಅತ್ತೆಯಾದ ನನಗಲ್ಲ, ಮೇಲಿನ ಮಹಡಿಗೆ. ಅವನ ಹೊಟ್ಟೆಯ ಸಮಾಚಾರ ಹೆಂಡತಿಗಿಂತ ಮೊದಲು ಇವಳಿಗೆ ತಲುಪುತ್ತದೆ.

ಇನ್ನೊಂದು ಸಲ ವೋಟು ಕೇಳುವವರೊಬ್ಬರು ಹಿಂಬಾಲಕರನ್ನೆಲ್ಲ ಕಟ್ಟಿಕೊಂಡು ಗೇಟಿಗೆ ಬಂದರು. "ಅಮ್ಮ, ಏನು ಸಮಸ್ಯೆ ಇದ್ರೂ ಸಂಕೋಚ ಇಲ್ದೆ ಹೇಳಿ" ಎಂದರು. ಇವಳು ಅವರ ಮುಖ ಚೆನ್ನಾಗಿ ನೋಡಿ, "ನಮ್ಮದು ಬಿಡಿ ಸಾರ್. ನಿಮಗೇ ಹೋಗಿಲ್ಲ, ಕಣ್ಣು ಹೇಳುತ್ತೆ. ಬಿಸಿನೀರು ಕೊಡ್ಲಾ?" ಎಂದಳು. ಜೈಕಾರ ಹಾಕಲು ಬಾಯಿ ತೆರೆದಿದ್ದವನೊಬ್ಬ ಹಾಗೇ ಮುಚ್ಚಿಕೊಂಡ. ಆ ಮನುಷ್ಯ ಪಾಪ, ಹಿಂಬಾಲಕರನ್ನು ಮುಂದಿನ ಮನೆಗೆ ಕಳಿಸಿ ತಾನು ನಮ್ಮ ಜಗಲಿಯ ಮೇಲೆ ಕೂತು ಬಿಸಿನೀರು ಕುಡಿದೇ ಹೋದ.

ಬಿಸಿನೀರಿಗೆ ಬಗ್ಗದವರಿಗೆ ಅವಳ ಹತ್ತಿರ ಹರಳೆಣ್ಣೆ ಇದೆ. ದೇವರ ಗೂಡಿನ ಪಕ್ಕದಲ್ಲೇ ಸೀಸೆ. ಹಿಂದೆ ಭಾನುವಾರ ಬಂತೆಂದರೆ ಬೀದಿಯ ಮಕ್ಕಳೆಲ್ಲ ಮಂಚದಡಿಗೆ ಸೇರುತ್ತಿದ್ದವು. ನನಗೂ ಕುಡಿಸಲು ನೋಡಿದಳು. ನಾನು ಕದ ಹಾಕಿಕೊಂಡೆ.

ಬೋಂಡ ಬಂದ ಮೇಲೆ ಬೀದಿಗೆ ಸ್ವಲ್ಪ ಬಿಡುವು ಸಿಕ್ಕಿತು. ಬೋಂಡ ಎಂದರೆ ಮೇಲೆ ಹೇಳಿದೆನಲ್ಲ, ಆ ನಾಯಿ. ಬಣ್ಣ, ಆಕಾರ ಎರಡೂ ಆಗ ತಾನೆ ಎಣ್ಣೆಯಿಂದ ಎತ್ತಿದ ಬೋಂಡದ ಹಾಗೇ. ರಸ್ತೆ ಅಗೆದಿದ್ದ ಗುಂಡಿಯಲ್ಲಿ ಮರಿಯಾಗಿ ಬಿದ್ದು ಕುಂಯ್‌ಗುಡುತ್ತಿತ್ತು, ಸೆರಗಿನಲ್ಲಿ ಸುತ್ತಿಕೊಂಡು ಬಂದಳು. ನಾನು ಬೇಡ ಎಂದೆ. ನಾನು ಬೇಡ ಎಂದದ್ದೆಲ್ಲ ಈ ಮನೆಗೆ ಬಂದಿದೆ.

ಬೆಳಿಗ್ಗೆ ಎಲ್ಲರೂ ನಾಯಿಯನ್ನು ಮುಂದೆ ಬಿಟ್ಟು ತಾವು ಫೋನು ನೋಡುತ್ತಾ ನಡೆಯುತ್ತಾರೆ. ಇವಳು ನಾಯಿಯ ಹಿಂಭಾಗ ನೋಡುತ್ತಾ ನಡೆಯುತ್ತಾಳೆ. ಅದು ಪಾರ್ಕಿನ ಬೇಲಿ ಪಕ್ಕ ಕೂತರೆ ತಾನೂ ಪಕ್ಕದಲ್ಲೇ ಕುಕ್ಕರಗಾಲಲ್ಲಿ ಕೂರುತ್ತಾಳೆ. ಮುಗಿದ ಮೇಲೆ ಹಳೇ ಪೇಪರಿನಲ್ಲಿ ಎತ್ತಿ, ಬೆಳಕಿಗೆ ಹಿಡಿದು ನೋಡಿ, ಆಮೇಲೆ ಬಿಸಾಕುವುದು. ಮನೆಗೆ ಬಂದು ವರದಿ. ನನ್ನ ಸೊಸೆ ಬಿ.ಟಿ.ಎಂ.ನಲ್ಲಿ ಆಫೀಸಿಗೆ ಹೋಗುವವಳು, ಅವಸರದಲ್ಲಿ ಚಿತ್ರಾನ್ನ ತಿನ್ನುತ್ತಿರುತ್ತಾಳೆ. "ಇವತ್ತು ಬೋಂಡಂದು ಇದೇ ಬಣ್ಣ" ಎಂದು ಇವಳು ತಟ್ಟೆ ತೋರಿಸುತ್ತಾಳೆ.

"ಚಿಕ್ಕತ್ತೆ, ಪ್ಲೀಸ್" ಎಂದು ಸೊಸೆ ತಟ್ಟೆ ನೂಕಿ ಏಳುತ್ತಾಳೆ. ಹುಡುಗಿ ಸಣ್ಣಗಾಗಿರುವುದು ನನ್ನ ಅಡುಗೆಯಿಂದಲ್ಲ, ಇದರಿಂದ.

ಇನ್ನು ಮಾವಿನ ವಿಷಯ ಹೇಳಬೇಕು, ಅದು ಇಲ್ಲದಿದ್ದರೆ ಮುಂದಿನದು ತಿಳಿಯುವುದಿಲ್ಲ. ನಮ್ಮ ಮನೆಯಲ್ಲಿ ರಸಪುರಿ ಬಂತೆಂದರೆ ಸೀಕರಣೆ ಮಾಡಲೇಬೇಕು. ಹಣ್ಣು ಹಿಂಡಿ ರಸ ಪಾತ್ರೆಗೆ ಬಿದ್ದ ಮೇಲೆ ಓಟೆ ಉಳಿಯುತ್ತದಲ್ಲ, ಅದನ್ನು ಚೀಪುವುದು ಮನೆಯ ಮಕ್ಕಳ ಹಕ್ಕು. ದೊಡ್ಡವರು ಮುಟ್ಟುವ ಹಾಗಿಲ್ಲ. ನನ್ನ ಮಕ್ಕಳು ಮೊಳಕೈವರೆಗೆ ರಸ ಸುರಿಸಿಕೊಂಡು ಚೀಪಿದರು. ಅವಳಿಗೆ ಮಕ್ಕಳಾಗಲಿಲ್ಲ. ನನ್ನ ಸೊಸೆಗೆ ಇನ್ನೂ ಆಗಿಲ್ಲ. ಹಾಗಾಗಿ ಈಗ ಕೆಲವು ವರ್ಷಗಳಿಂದ ಮನೆಯ ಓಟೆಗೆಲ್ಲ ಬೋಂಡನೇ ಒಡೆಯ.

ಕೊಡುವುದಕ್ಕೂ ಒಂದು ಕ್ರಮ ಇಟ್ಟುಕೊಂಡಿದ್ದಳು. ಮೆಟ್ಟಿಲ ಮೇಲೆ ಕೂತು ಓಟೆಯನ್ನು ತಾನೇ ಕೈಯಲ್ಲಿ ಹಿಡಿದಿರುತ್ತಾಳೆ, ಅದು ನೆಕ್ಕುತ್ತದೆ. ಬೆಳ್ಳಗಾದ ಮೇಲೆ ತುಳಸಿ ಪಕ್ಕದ ಕುಂಡಕ್ಕೆ ಒಗೆಯುತ್ತಾಳೆ. ಇಷ್ಟು ವರ್ಷ ಏನೂ ಆಗಿರಲಿಲ್ಲ.

ಆಗಿದ್ದು ಈ ಬೇಸಿಗೆ. ಬೋಂಡ ತಿಂಡಿ ಬಿಟ್ಟಿತು. ಮೊಸರನ್ನ ಇಟ್ಟರೆ ಮೂಸಿ ಮುಖ ತಿರುಗಿಸಿತು. ನೀರು ಕುಡಿದದ್ದೂ ವಾಪಸ್ಸು ಬಂತು. ಬಿಸಿಲಿಗೆ ಹಾಗೆ ಎಂದೆ ನಾನು. ಇವಳು ಮಾತ್ರ ಪಾರ್ಕಿನಿಂದ ಖಾಲಿ ಪೇಪರು ಹಿಡಿದುಕೊಂಡು ಬಂದಳು, ಮುಖದಲ್ಲಿ ಗೆಲುವಿಲ್ಲ. "ಅಕ್ಕ, ನಿನ್ನೆನೂ ಹೋಗ್ಲಿಲ್ಲ, ಇವತ್ತೂ ಹೋಗ್ಲಿಲ್ಲ. ಕೂರುತ್ತೆ, ತಿಣುಕುತ್ತೆ, ಒಂದು ತೊಟ್ಟು ಲೋಳೆ ಬರುತ್ತೆ ಅಷ್ಟೆ."

"ಬಿಡೇ, ನಾಳೆ ಎರಡೂ ದಿನದ್ದು ಒಟ್ಟಿಗೆ ಹೋಗುತ್ತೆ" ಎಂದೆ.

ಮಾರನೇ ದಿನ ಶನಿವಾರ. ಗಾಳಿಗಾದರೂ ಸರಿಯಾಗಲಿ ಎಂದು ನಾಯಿಯನ್ನು ಮೆಲ್ಲಗೆ ನಡೆಸಿಕೊಂಡು ಹೊರಟಳು, ನಾನೂ ಹಿಂದೆ ಹೋದೆ. ನಮ್ಮ ಬೀದಿಯ ಮೂಲೆಯಲ್ಲಿ ಆಂಜನೇಯನ ಸಣ್ಣ ಗುಡಿ ಇದೆ, ಶನಿವಾರ ಜನ ಜಾಸ್ತಿ. ಬೋಂಡ ಸರಿಯಾಗಿ ಗುಡಿಯ ಬಾಗಿಲಿಗೆ ಬಂದು ನಿಂತುಬಿಟ್ಟಿತು. ಎರಡು ಮುಂಗಾಲು ಚಾಚಿ, ಎದೆ ನೆಲಕ್ಕೆ ಇಟ್ಟು, ಹಿಂಭಾಗ ಮೇಲೆತ್ತಿ, ಕಣ್ಣು ಅರ್ಧ ಮುಚ್ಚಿ, ದೇವರಿಗೆ ನೇರವಾಗಿ ನಮಸ್ಕಾರ ಮಾಡಿತು. ನನಗೆ ಮೈ ಜುಮ್ಮೆಂದಿತು. ಸುಳ್ಳು ಯಾಕೆ ಹೇಳಲಿ, ನಾನೂ ಕೈ ಮುಗಿದೆ.

"ಅಯ್ಯೋ ನೋಡ್ರೀ, ಬೋಂಡ ಅಡ್ಡಬಿದ್ದಿದೆ" ಎಂದು ಎದುರುಮನೆಯಾಕೆ ಕೂಗಿದಳು. ಜನ ಸುತ್ತುಗಟ್ಟಿದರು. ಫೋನುಗಳು ಮೇಲೆದ್ದವು. ಒಬ್ಬರು ಹಿಂದಿನ ಜನ್ಮದ ಪುಣ್ಯ ಎಂದರು, ಇನ್ನೊಬ್ಬರು ಮನುಷ್ಯರಿಗಿಲ್ಲದ ಭಕ್ತಿ ಎಂದರು. ಎದುರುಮನೆಯಾಕೆ ಅದರ ಹಣೆಗೆ ಕುಂಕುಮ ಇಟ್ಟಳು. ಅರ್ಚಕರು ಹೊರಗೆ ಬಂದು ನೋಡಿ, ಕಣ್ಣು ಒದ್ದೆ ಮಾಡಿಕೊಂಡು, ಉದ್ಧರಣೆಯಲ್ಲಿ ತೀರ್ಥ ತಂದು ಅದರ ಬಾಯಿಗೇ ಬಿಟ್ಟರು. ಬೋಂಡ ಕುಡಿಯಿತು. ಎಲ್ಲರೂ ಗೋವಿಂದ ಎಂದರು. ಆ ಗೋವಿಂದ ಮುಗಿಯುವುದರೊಳಗೆ ಅರ್ಚಕರ ಪಾದದ ಮೇಲೆ ಹಳದಿಯಾಗಿ ಕಕ್ಕಿತು.

ಓರಗಿತ್ತಿ ಜನರನ್ನು ಮೊಳಕೈಯಲ್ಲಿ ಸರಿಸಿ ಒಳಗೆ ನುಗ್ಗಿದಳು. ಅವಳ ಮುಖ ಹಾಗೆ ಆದದ್ದನ್ನು ನಾನು ನೋಡಿಯೇ ಇರಲಿಲ್ಲ. ಸೆರಗು ತೆಗೆದು ನಾಯಿಯ ಹಣೆಯ ಕುಂಕುಮವನ್ನು ಗಸಗಸ ಒರೆಸಿದಳು.

"ಕುಂಕುಮ ಯಾಕ್ರೀ ಇಡ್ತೀರಿ? ಭಕ್ತಿನೂ ಅಲ್ಲ, ಏನೂ ಅಲ್ಲ. ಹೊಟ್ಟೆ ನೋವು ಅದಕ್ಕೆ, ಹೊಟ್ಟೆ."

"ಕುಂಕುಮ ಒರೆಸಬಾರ್ದಮ್ಮ" ಎಂದು ಎದುರುಮನೆಯಾಕೆ ಅಂದಳು.

"ನಿಮಗೆ ಬೆಳಿಗ್ಗೆ ಹೋಗಿದೆ ತಾನೆ? ಸುಮ್ನೆ ನಡೀರಿ ಮನೆಗೆ."

ಬೋಂಡನ ಹೊಟ್ಟೆ ಮುಟ್ಟಿ ನೋಡಿದೆ. ತಮಟೆ ಹಾಗೆ ಬಿಗಿದಿತ್ತು. ಮುಟ್ಟಿದ್ದಕ್ಕೇ ನಾಯಿ ನರಳಿತು, ಬಾಯಿಂದ ಜೊಲ್ಲು ಸುರಿಯುತ್ತಿತ್ತು. ಎತ್ತಿಕೊಂಡು ಮನೆಗೆ ಬಂದೆವು. ಇವಳು ನೇರವಾಗಿ ಮೇಲೆ ಹೋಗಿ ಹರಳೆಣ್ಣೆ ಸೀಸೆ ತಂದಳು. ದೊಡ್ಡ ಚಮಚಕ್ಕೆ ಬಗ್ಗಿಸಿ, ನನಗೆ ನಾಯಿಯ ದವಡೆ ಹಿಡಿ ಎಂದಳು. ಹಿಡಿದೆ. ನಮ್ಮ ಕಾಲದಲ್ಲಿ ಹೊಟ್ಟೆ ಕಟ್ಟಿದರೆ ಇದೇ ಔಷಧಿ, ನನಗೆ ಅದರಲ್ಲಿ ಅನುಮಾನವೇ ಬರಲಿಲ್ಲ.

ಸೊಸೆ ಅಷ್ಟರಲ್ಲಿ ನಾಯಿಗೆ ಸೂಜಿ ಹಾಕುವ ಡಾಕ್ಟರಮ್ಮನಿಗೆ ಫೋನು ಮಾಡಿದ್ದಳು. ಎಲ್ಲ ಹೇಳಿದಳು, ಕಕ್ಕುವುದು, ತಿಣುಕುವುದು, ಗುಡಿಯ ಮುಂದೆ ನಮಸ್ಕಾರ. "ಈಗ ಚಿಕ್ಕತ್ತೆ ಹರಳೆಣ್ಣೆ ಕುಡಿಸ್ತಿದ್ದಾರೆ ಮೇಡಂ" ಎಂದಳು. ಫೋನಿನೊಳಗಿಂದ ಬಂದ ಕೂಗು ಅಡುಗೆಮನೆಗೂ ಕೇಳಿಸಿತು.

"ಬೇಡ. ಒಂದು ತೊಟ್ಟೂ ಬೇಡ. ಯಾರು ಅದು ಚಮಚ ಹಿಡಿದಿರೋದು, ಕೆಳಗಿಡಿ."

ಇವಳು ಫೋನಿಗೇ ಹೆದರಿ ಚಮಚ ಹಿಂದಕ್ಕೆಳೆದುಕೊಂಡಳು. ಡಾಕ್ಟರಮ್ಮ ಹೇಳಿದರು: "ಅಮ್ಮ, ಅದು ನಮಸ್ಕಾರ ಅಲ್ಲ. ಹೊಟ್ಟೆ ತುಂಬಾ ನೋವಾದ್ರೆ ನಾಯಿಗಳು ಹಾಗೆ ಬಗ್ಗಿ ನಿಲ್ತವೆ. ಕರುಳಲ್ಲಿ ಏನೋ ಸಿಕ್ಕಿಹಾಕ್ಕೊಂಡಿರಬಹುದು. ಮುಂದೆ ದಾರಿನೇ ಇಲ್ಲದಿರುವಾಗ ಮೇಲಿಂದ ಎಣ್ಣೆ ಹಾಕಿ ನೂಕಿದ್ರೆ ಕರುಳು ಹರಿದುಹೋಗುತ್ತೆ. ಊಟ ಬೇಡ, ನೀರೂ ಬೇಡ, ಮನೆ ಮದ್ದು ಯಾವುದೂ ಬೇಡ. ಈಗಲೇ ಕರ್ಕೊಂಡು ಬನ್ನಿ, ತಡ ಮಾಡಿದ್ರೆ ಉಳಿಯಲ್ಲ."

ಉಳಿಯಲ್ಲ ಎಂಬ ಮಾತಿಗೆ ನಾನು ದವಡೆ ಬಿಟ್ಟೆ. ಇವಳು ಚಮಚದ ಎಣ್ಣೆಯನ್ನು ಮತ್ತೆ ಸೀಸೆಗೆ ಸುರಿದಳು. ಅರ್ಧ ಹೊರಗೆ ಚೆಲ್ಲಿತು. ಬೀದಿಗೆಲ್ಲ ಕುಡಿಸಿದ ಕೈ ಅದು.

ಜೆ.ಪಿ. ನಗರದ ನಾಯಿ ಆಸ್ಪತ್ರೆಗೆ ಸೊಸೆ ಕಾರು ಓಡಿಸಿದಳು. ಸಿಗ್ನಲ್ಲಿನಲ್ಲಿ ನಿಂತಾಗಲೆಲ್ಲ ಓರಗಿತ್ತಿ ಪಕ್ಕದ ಕಾರಿನವರನ್ನು ಬೈಯುತ್ತಿದ್ದಳು, ಅವರೇನೂ ಮಾಡಿರಲಿಲ್ಲ. ಬೋಂಡ ಅವಳ ಮಡಿಲಲ್ಲಿ ಬೆನ್ನು ಗೂನು ಮಾಡಿಕೊಂಡು ಮಲಗಿತ್ತು.

ಡಾಕ್ಟರಮ್ಮ ನೋಡಿದರೆ ನನ್ನ ಮಗಳಿಗಿಂತ ಚಿಕ್ಕವಳು. ನಾಯಿಯ ಒಸಡು ಒತ್ತಿ ನೋಡಿದರು, ಹೊಟ್ಟೆ ಹಿಸುಕಿ ನೋಡಿದರು. ಆಮೇಲೆ ತಲೆ ಎತ್ತಿ ಇವಳನ್ನು ಕೇಳಿದರು. "ಕೊನೆಯ ಸಲ ಸರಿಯಾಗಿ ಹೋಗಿದ್ದು ಯಾವಾಗಮ್ಮ? ಹೇಗಿತ್ತು?"

ಜನ್ಮದಲ್ಲಿ ಮೊದಲ ಸಲ ಅವಳ ಪ್ರಶ್ನೆ ಅವಳಿಗೇ ಬಂದಿತ್ತು. ಹೇಳಿದಳು. ಬುಧವಾರ, ಪಾರ್ಕಿನ ಬೇಲಿ ಪಕ್ಕ, ಯಾವಾಗಲೂ ಹೋಗುವುದರ ಅರ್ಧದಷ್ಟು, ತುದಿ ಕಪ್ಪು, ಗುರುವಾರದಿಂದ ಬರೀ ಲೋಳೆ. ಡಾಕ್ಟರಮ್ಮ ಬರೆಯುವುದು ನಿಲ್ಲಿಸಿ, "ಇಷ್ಟು ಸರಿಯಾಗಿ ನನಗೆ ಯಾರೂ ಹೇಳಿಲ್ಲ" ಎಂದರು. ಸೊಸೆ ನನ್ನ ಮುಖ ನೋಡಿದಳು. ಇಷ್ಟು ವರ್ಷದ ಚಿತ್ರಾನ್ನದ ಲೆಕ್ಕ ಅಲ್ಲಿ ತೀರಿತು.

"ಏನಾದರೂ ನುಂಗಿತ್ತಾ? ಕಾಲುಚೀಲ, ಜೋಳದ ದಿಂಡು, ಮಾವಿನ ಓಟೆ?"

ಓಟೆ ಎಂದದ್ದೇ ಓರಗಿತ್ತಿ ನಾಯಿಯ ಹೊಟ್ಟೆ ಕಡೆ ನೋಡಿದಳು. ಮೆಲ್ಲಗೆ ಗೋಡೆ ಹಿಡಿದುಕೊಂಡಳು. "ಸೀಕರಣೆ ಮಾಡಿದ್ದು ಹೋದ ವಾರ" ಎಂದಳು ನನ್ನ ಕಡೆ ತಿರುಗಿ.

"ವಾರ ಆದರೂ ಆಗಬಹುದು. ಹೊಟ್ಟೆಯಲ್ಲಿ ಸುಮ್ಮನೆ ಕೂತಿದ್ದು ಆಮೇಲೆ ಕರುಳಿಗೆ ಇಳಿದು ಸಿಕ್ಕಿಕೊಳ್ಳುತ್ತೆ" ಎಂದರು ಡಾಕ್ಟರಮ್ಮ.

ಆಗ ನೆನಪಿಗೆ ಬಂತು. ಅವತ್ತು ಓಟೆ ಹಿಡಿದುಕೊಂಡು ಕೂತಿದ್ದಾಗ ಅಳಿಯನ ಫೋನು ಬಂದಿತ್ತು. ಅವನಿಗೆ ಹೋಗಿಲ್ಲವಂತೆ. ಇವಳು ಓಟೆಯನ್ನು ಮೆಟ್ಟಿಲ ಮೇಲಿಟ್ಟು, ನೆನೆಸಿದ ಒಣದ್ರಾಕ್ಷಿಯ ವಿಚಾರ ಹೇಳುತ್ತಾ ಎದ್ದು ಹೋದಳು. ತಿರುಗಿ ಬಂದಾಗ ಓಟೆ ಇರಲಿಲ್ಲ. ಕುಂಡದಲ್ಲಿ ಹೂತಿಟ್ಟಿರಬೇಕು ಎಂದುಕೊಂಡು ಸುಮ್ಮನಾದಳು. ಅಳಿಯನಿಗೆ ಮಾರನೇ ದಿನ ಹೋಯಿತು. ನಾಯಿಗೆ ನಿಂತಿತು.

ಸ್ಕ್ಯಾನ್ ಮಾಡಿದರು, ಹೊಟ್ಟೆ ಕೊಯ್ಯಲೇಬೇಕು ಎಂದರು, ಬದುಕುತ್ತದೆ ಎಂದು ಮಾತು ಕೊಡುವುದಿಲ್ಲ ಎಂದೂ ಹೇಳಿದರು. ಬಾಗಿಲು ಹಾಕಿಕೊಂಡಿತು. ಹೊರಗೆ ಬೆಂಚಿನಲ್ಲಿ ಒಬ್ಬ ಬೆಕ್ಕು ಹಿಡಿದುಕೊಂಡು ಕೂತಿದ್ದ. ಓರಗಿತ್ತಿ ಅವನನ್ನೂ ಏನೂ ಕೇಳಲಿಲ್ಲ, ಅವನ ಬೆಕ್ಕನ್ನೂ ಕೇಳಲಿಲ್ಲ. ನಾನು ಹೆದರಿದ್ದು ಆಗ.

"ನಾನೇ ಕೊಟ್ಟೆ ಅಕ್ಕ" ಎಂದಳು.

"ಹೌದು, ನೀನೇ ಕೊಟ್ಟೆ. ಸೀಕರಣೆ ಹಿಂಡಿದ್ದು ನಾನು. ಫೋನು ಮಾಡಿದ್ದು ಅವನು. ಮಾವು ಬಿಟ್ಟದ್ದು ಮರ. ಕಣ್ಣೊರೆಸಿಕೋ, ಬೆಕ್ಕಿನವನು ನೋಡುತ್ತಿದ್ದಾನೆ." ನನಗೆ ಸಮಾಧಾನ ಹೇಳಲು ಬರುವುದು ಇಷ್ಟೇ.

ಡಾಕ್ಟರಮ್ಮ ಹೊರಗೆ ಬಂದಾಗ ಕೈಯಲ್ಲಿ ಸ್ಟೀಲ್ ತಟ್ಟೆ. ಅದರಲ್ಲಿ ಕಪ್ಪಾದ ಓಟೆ, ನಾರೆಲ್ಲ ಅಂಟಿಕೊಂಡು ಸತ್ತ ಇಲಿಯ ಹಾಗೆ. ಕರುಳು ಇನ್ನೂ ಕೆಂಪಗಿತ್ತಂತೆ, ಕಪ್ಪಾಗಿರಲಿಲ್ಲವಂತೆ. ಸೀಳಿ ತೆಗೆದು ಹೊಲಿದಿದ್ದೇನೆ, ಆದರೆ ಹೊಲಿಗೆ ನಿಲ್ಲಬೇಕು ಎಂದರು. ಕೆಲವು ದಿನ ಡ್ರಿಪ್ಪು, ಇಲ್ಲೇ ಇರಲಿ. ಕರುಳು ಕೆಲಸ ಶುರು ಮಾಡಿ, ತಾನಾಗಿ ಹೊರಗೆ ಹೋಗಲಿ. ಹೋದರೆ ಅರ್ಧ ಗೆದ್ದ ಹಾಗೆ.

ಅಂದರೆ ಈಗ ಇಡೀ ಮನೆ ಒಂದು ನಾಯಿಯ ಬೆಳಗಿನ ಕೆಲಸಕ್ಕೆ ಕಾಯುವುದು ಎಂದಾಯಿತು. ಮನೆ ಮಾತ್ರವೇ? ಸುದ್ದಿ ಬೀದಿಗೆ ಹೋಯಿತು. ಹಾಲಿನವನು ಪ್ಯಾಕೆಟ್ಟು ಕೊಡುವಾಗ ಕೇಳಿದ, "ಅಮ್ಮ, ಬೋಂಡನಿಗೆ ಹೋಯ್ತಾ?" ಎದುರುಮನೆಯಾಕೆ ರಂಗೋಲಿ ಬಿಟ್ಟು ಎದ್ದು ಬಂದು ಕೇಳಿದಳು. ಅರ್ಚಕರು ಮಂಗಳಾರತಿ ತಟ್ಟೆ ಹಿಡಿದುಕೊಂಡೇ ಕೇಳಿದರು. ಅಳಿಯ ಶ್ರೀನಗರದಿಂದ ಗಳಿಗೆಗೊಮ್ಮೆ ಕೇಳಿದ, ತನ್ನದನ್ನು ಹೇಳುವುದೇ ಬಿಟ್ಟ. ವೋಟಿನವರು ಕಾರು ನಿಲ್ಲಿಸಿ ಗಾಜು ಇಳಿಸಿ ಕೇಳಿದರು. ಮರ್ಯಾದಸ್ಥರ ಬೀದಿ ಇದು. ನಾನು ಎಲ್ಲಿ ಮುಖ ಇಟ್ಟುಕೊಳ್ಳಲಿ?

ಓರಗಿತ್ತಿ ಎಲ್ಲರಿಗೂ "ಇನ್ನೂ ಇಲ್ಲ" ಎನ್ನುತ್ತಿದ್ದಳು. ಬೆಳಗಾದರೆ ಆಸ್ಪತ್ರೆಗೆ ಹೋಗುವುದು, ಸಂಜೆ ಬರುವುದು, ಕೊಟ್ಟ ತಟ್ಟೆಯ ಮುಂದೆ ಸುಮ್ಮನೆ ಕೂರುವುದು.

ಒಂದು ಮಧ್ಯಾಹ್ನ ಸೊಸೆಯ ಫೋನಿಗೆ ಆಸ್ಪತ್ರೆಯಿಂದ ಫೋಟೋ ಬಂತು. ಏನಿದು, ಕಣ್ಣು ಮಂಜು ಎಂದೆ. ಸೊಸೆ ದೊಡ್ಡದು ಮಾಡಿ ತೋರಿಸಿದಳು. ಅಯ್ಯೋ ಭಗವಂತ. ಅದರ ಫೋಟೋವನ್ನೂ ತೆಗೆಯುತ್ತಾರೆಂದು ನನಗೆ ಗೊತ್ತಿರಲಿಲ್ಲ. ಸೊಸೆ, ಚಿತ್ರಾನ್ನ ನೂಕಿ ಏಳುತ್ತಿದ್ದ ಅದೇ ಸೊಸೆ, ಆ ಫೋನು ಹಿಡಿದುಕೊಂಡು "ಚಿಕ್ಕತ್ತೆ, ಹೋಯ್ತು ನೋಡಿ, ಒಳ್ಳೇ ಬಣ್ಣ" ಎಂದು ಮೆಟ್ಟಿಲು ಹತ್ತಿ ಓಡಿದಳು.

ಬೋಂಡ ಕೊರಳಿಗೆ ಬಕೆಟ್ಟಿನಂಥದ್ದು ಹಾಕಿಕೊಂಡು ಮನೆಗೆ ಬಂತು. ಹೊಟ್ಟೆಯ ಕೂದಲು ಬೋಳಿಸಿ ಹೊಲಿಗೆ ಕಾಣುತ್ತಿತ್ತು. ಬೀದಿಯವರು ನೋಡಿಕೊಂಡು ಹೋದರು. ಎದುರುಮನೆಯಾಕೆ ಕೈಯಲ್ಲಿ ಕುಂಕುಮದ ಬಟ್ಟಲು ಹಿಡಿದುಕೊಂಡು ಬಂದವಳು, ಓರಗಿತ್ತಿಯ ಮುಖ ನೋಡಿ ವಾಪಸ್ಸು ತೆಗೆದುಕೊಂಡು ಹೋದಳು.

ಎಲ್ಲರೂ ಹೋದ ಮೇಲೆ ಕೇಳಿದೆ. "ಅಲ್ವೇ, ಕುಂಕುಮ ಏನು ಮಾಡಿತ್ತು ನಿನಗೆ? ಗುಡಿಯ ಮುಂದೆ ಹಾಗೆ ಮೈಮೇಲೆ ಬಂದವಳ ಹಾಗೆ ಆಡಿದೆಯಲ್ಲ."

ನಾಯಿಯ ಬೆನ್ನು ಸವರುತ್ತಾ ಹೇಳಿದಳು. ನಾವು ಮೊದಲಿದ್ದದ್ದು ಸಿದ್ದಾಪುರದ ವಠಾರದಲ್ಲಿ. ಅಷ್ಟೂ ಮನೆಗೆ ಹಿಂದುಗಡೆ ಒಂದೇ ಕಕ್ಕಸು, ಎದುರಿಗೇ ನಲ್ಲಿ, ನಲ್ಲಿಯ ಹತ್ತಿರ ಯಾವಾಗಲೂ ಗಂಡಸರು. ಇವಳು ಮದುವೆಯಾಗಿ ಬಂದಾಗ ನಾನು ಹೆರಿಗೆಗೆ ತವರಿಗೆ ಹೋಗಿದ್ದೆ. ಹೊಸ ಹುಡುಗಿ, ಡಬ್ಬಿ ಹಿಡಿದುಕೊಂಡು ಅವರ ಮುಂದೆ ಹಾದುಹೋಗಲು ನಾಚಿಕೆ. ತಡೆದುಕೊಂಡಳು. ದಿನಗಟ್ಟಲೆ ತಡೆದುಕೊಂಡಳು. ಊಟ ಸೇರಲಿಲ್ಲ, ತಿಂದದ್ದು ವಾಂತಿಯಾಯಿತು, ಹೊಟ್ಟೆ ಉಬ್ಬಿತು.

"ಅತ್ತೆ ನೋಡಿ ಬಸುರಿ ಅಂತ ಖುಷಿಯಾಗಿಬಿಟ್ರು ಅಕ್ಕ. ನನ್ನ ಕೂರಿಸಿ ಕುಂಕುಮ ಇಟ್ಟು, ಹೂವು ಮುಡಿಸಿ, ವಠಾರಕ್ಕೆಲ್ಲ ಸಕ್ಕರೆ ಹಂಚಿದ್ರು. ನಾನು ನೋವಿಗೆ ಬಗ್ಗಿಕೊಂಡು ಕೂತಿದ್ದೆ, ಎಲ್ರೂ ನಾಚಿಕೆ ಅಂದ್ಕೊಂಡ್ರು. ಏನಾಗಿದೆ ಅಂತ ಒಬ್ಬರೂ ಕೇಳ್ಲಿಲ್ಲ."

ನನಗೆ ತಿಳಿಯದ ಕಥೆ. ಇಷ್ಟು ವರ್ಷ ಒಂದೇ ಮನೆಯಲ್ಲಿದ್ದು ತಿಳಿಯದ ಕಥೆ. ಆ ಸಕ್ಕರೆಯ ನಂತರ ಅವಳಿಗೆ ನಿಜವಾದ ಬಸುರಿನ ಕುಂಕುಮ ಯಾವತ್ತೂ ಬರಲಿಲ್ಲ, ಅದು ಮಾತ್ರ ಎಲ್ಲರಿಗೂ ಗೊತ್ತಿತ್ತು. ನನ್ನ ಬಾಯಿಗೆ ಬಂದದ್ದು ಒಂದೇ.

"ಇವತ್ತು ಬೆಳಿಗ್ಗೆ ನಿನಗೆ ಹೋಯ್ತಾ?"

ಅವಳು ನನ್ನನ್ನೇ ನೋಡಿದಳು. ಯಾರೋ ಬೇರೆ ಭಾಷೆಯಲ್ಲಿ ಕೇಳಿದ ಹಾಗೆ ನೋಡಿದಳು. ಆಮೇಲೆ ಕಣ್ಣು ತುಂಬಿಕೊಂಡಿತು.

"ಇಲ್ಲ ಅಕ್ಕ. ಬೋಂಡನ್ನ ಆಸ್ಪತ್ರೆಗೆ ಸೇರಿಸಿದಾಗಿಂದ ಇಲ್ಲ."

"ಹರಳೆಣ್ಣೆ ಸೀಸೆ ಎಲ್ಲಿಟ್ಟಿದೀಯ?"

"ಅಯ್ಯೋ, ಅದು ಬೇಡ ಅಕ್ಕ. ಅದರ ವಾಸನೆ ನನಗಾಗಲ್ಲ."

ಮಂಚದಡಿಗೆ ಸೇರುತ್ತಿದ್ದ ಬೀದಿಯ ಮಕ್ಕಳೆಲ್ಲ ಎಲ್ಲಿದ್ದೀರೋ, ಕೇಳಿಸಿಕೊಳ್ಳಿ. ನಾನು ಎದ್ದು ಒಲೆಯ ಮೇಲೆ ನೀರಿಟ್ಟೆ. ಬಿಸಿಬಿಸಿಯಾಗಿ ದೊಡ್ಡ ಲೋಟದಲ್ಲಿ ಕೊಟ್ಟು, ಕುಡಿದು ಮುಗಿಸುವವರೆಗೆ ಎದುರಿಗೇ ಕೂತೆ.

ಈಗ ದಿನಾ ಬೆಳಿಗ್ಗೆ ಎದ್ದ ತಕ್ಷಣ ಮೆಟ್ಟಿಲ ಕೆಳಗೆ ನಿಂತು ಮೇಲೆ ಕೂಗಿ ಕೇಳುತ್ತೇನೆ. ಮೊದಲು ಅವಳದು, ಆಮೇಲೆ ಬೋಂಡನದು. ಹಾಲಿನವನು ನಿಂತು ಕೇಳಿಸಿಕೊಂಡರೆ ಕೇಳಿಸಿಕೊಳ್ಳಲಿ. ಸೀಕರಣೆ ಮಾಡಿದ ದಿನ ಓಟೆಗಳನ್ನು ನಾವಿಬ್ಬರೇ ಮೆಟ್ಟಿಲ ಮೇಲೆ ಕೂತು, ಬಾಗಿಲು ಹಾಕಿ ನಾಯಿಯನ್ನು ಒಳಗಿಟ್ಟು, ಮೊಳಕೈವರೆಗೆ ರಸ ಸುರಿಸಿಕೊಂಡು ಚೀಪುತ್ತೇವೆ.